ಒಂದೇ ಕಂಠದ ಸಿಂಫನಿ



ಸಿಂಫನಿ ಎಂದೊಡನೆ ನೂರು ವಾದ್ಯಗಳ ಮೇಳವು ನಮ್ಮ ಕಣ್ಮುಂದೆ ನಿಲ್ಲುತ್ತದೆ. 17ನೆಯ ಶತಮಾನದಲ್ಲಿ ಕಂಠವೂ ವಾದ್ಯವೂ ಕೂಡಿ ನುಡಿಯುವುದಕ್ಕೂ ಅದೇ ಹೆಸರಿತ್ತು. ಜರ್ಮನಿಯ ಹೈನ್ರಿಖ್ ಶ್ಯೂಟ್ಸ್ (1585–1672) ಲೂಥರನ ಪಂಥದವನು. ಆದರೂ ವೆನಿಸ್ಸಿನಲ್ಲಿ ಅವನಿಗೆ ವಿದ್ಯೆಯನ್ನಿತ್ತವನು ಸಂತ ಮಾರ್ಕರ ಕಥೋಲಿಕ ದೇವಾಲಯದ ಆರ್ಗನ್‌ವಾದಕ ಜೊವಾನ್ನಿ ಗಾಬ್ರಿಯೆಲಿ. ಗುರುವು ಹಲವು ಗಾಯಕವೃಂದಗಳಿಂದ ದೇವಾಲಯವನ್ನು ತುಂಬಿಸಿದನು. ಶಿಷ್ಯನು 1629ರಲ್ಲಿ ಅದೇ ವೆನಿಸ್ಸಿನಲ್ಲಿ ಪ್ರಕಟಿಸಿದ 'ಸಿಂಫೋನಿಯೇ ಸಾಕ್ರೇ'ಗೆ ಒಂದರಿಂದ ಮೂರು ಕಂಠಗಳೇ ಸಾಕಾದವು.

ಅದರ ಧ್ವನಿಮುದ್ರಿಕೆಯನ್ನು ಆಲಿಸಿದವರು, ಮಡಿದ ಮಗ ಅಬ್ಷಾಲೋಮನಿಗಾಗಿ ದಾವೀದನು ಗೈಯುವ ಪ್ರಲಾಪವನ್ನು ಮರೆಯಲಾರರು. ಒಂದು ಮಂದ್ರ ಪುರುಷಕಂಠ, ನಾಲ್ಕು ಟ್ರೊಂಬೋನುಗಳು, ಅಡಿಯಲ್ಲಿ ಆರ್ಗನ್. ಅರಸನು ಮರೆಯಾಗಿ ತಂದೆಯೊಬ್ಬನೇ ಉಳಿಯುತ್ತಾನೆ. 1625ರಲ್ಲಿ ಮಡದಿಯನ್ನು ಕಳೆದುಕೊಂಡವನ ರಚನೆಯಿದು.

ಮುಂದೆ ಮೂವತ್ತು ವರ್ಷಗಳ ಯುದ್ಧದಿಂದ (1618–1648) ಡ್ರೆಸ್ಡೆನ್ನಿನ ಅವನ ಗಾಯಕವೃಂದವೇ ಕರಗಿತು. ಅವನು ಹಾಡನ್ನು ನಿಲ್ಲಿಸಲಿಲ್ಲ. ಉಳಿದ ಕೆಲವೇ ಕಂಠಗಳಿಗೆ ತಕ್ಕಂತೆ ಬರೆದನು.

ಮಕ್ಕಳು ಮುಂಬಯಿಗೂ ಕೊಲ್ಲಿ ನಾಡುಗಳಿಗೂ ತೆರಳಿದ ಮೇಲೆ, ಪೆರ್ಡೂರಿನಂಥ ಊರುಗಳಲ್ಲಿ ಹಾಡಲು ನಾಲ್ವರೇ ಉಳಿಯಬಹುದು. ಆ ನಾಲ್ವರು ತಲೆ ತಗ್ಗಿಸಬೇಕಾಗಿಲ್ಲ. ಮನವಿಟ್ಟು ಹಾಡಿದರೆ ಒಂದು ಕಂಠವೂ ದೇವಾಲಯವನ್ನು ತುಂಬಬಲ್ಲದು.