ಹಳೆಯ ಉಳಿ ಮಸೆಯಲು ಸಮತಟ್ಟು ಯಾವುದು?



ನಾಟಿ ಮುಗಿಯಿತು. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಬರುತ್ತದೆ. ಕೋವಿ, ಒಡಿಕತ್ತಿಗಳನ್ನು ಒರೆಸಿ ಪೂಜೆಗಿಡುವ ಹೊತ್ತಿನಲ್ಲೇ ಅಟ್ಟದ ಮೇಲಿರುವ ಅಜ್ಜನ ಕಾಲದ ಉಳಿ, ಉಜ್ಜುಗೊರಡುಗಳನ್ನೂ ಕೆಳಗಿಳಿಸಿ ನೋಡಿ. ಕೊಡಗಿನ ಮಳೆ ಕಳೆದ ಮೇಲೆ ಕಬ್ಬಿಣದ ಪಾಡು ಹೇಳಬೇಕೇ! ಆದರೆ ತುಕ್ಕು ಕಂಡ ಕೂಡಲೇ ಅಂಗಳದ ಮಸೆಗಲ್ಲಿಗೆ ಹಚ್ಚಬೇಡಿ. ವರ್ಷಗಟ್ಟಲೆ ಕತ್ತಿ ಮಸೆದು ಆ ಕಲ್ಲಿನ ನಡು ತಗ್ಗಾಗಿರುತ್ತದೆ. ಅದರ ಮೇಲೆ ತಿಕ್ಕಿದರೆ ಉಳಿಯ ಬೆನ್ನು ಉಬ್ಬಿ, ಬಾಯಿಗೆ ಸರಿಯಾದ ಹರಿತ ಬರುವುದಿಲ್ಲ. ಹಳೆಯ ಒಳ್ಳೆಯ ಉಕ್ಕು. ಒಮ್ಮೆ ಸವೆದರೆ ಮತ್ತೆ ಬೆಳೆಯುತ್ತದೆಯೇ?

ಹಾಗಾದರೆ ಯಾವುದರ ಮೇಲೆ ತಿಕ್ಕುವುದು? ಮನೆಯ ಗಾರೆ ನೆಲ ಕಣ್ಣಿಗೆ ಸಮ, ಈ ಕೆಲಸಕ್ಕಲ್ಲ. ಟೈಲ್ಸು ಸುಡುವಾಗಲೇ ಬಾಗಿರುವುದುಂಟು. ಅಡಿಗೆಕಟ್ಟೆಗೆ ಹಾಕಿ ಉಳಿದ ಪಾಲಿಶ್ ಗ್ರಾನೈಟ್ ತುಂಡು ಆದೀತು. ನನ್ನನ್ನು ಕೇಳಿದರೆ 10–12 ಮಿಲಿಮೀಟರ್ ದಪ್ಪದ ಗಾಜೇ ವಾಸಿ. ಈಗಿನ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ಕ್ರಮ ಅದು. ಕೆರೆಯ ನೀರಿನಂತೆ ತವರ ಸಮನಾಗಿ ನಿಲ್ಲುತ್ತದೆ, ಗಾಜೂ ಹಾಗೇ. ತೆಳು ಗಾಜು ಬೇಡ, ಕೈ ಒತ್ತಿದರೆ ಬಾಗುತ್ತದೆ. ದಪ್ಪದ್ದನ್ನೂ ಗಟ್ಟಿ ಹಲಗೆಯ ಮೇಲೆ ಅಲುಗದಂತೆ ಇಡಿ. ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿ ತನ್ನಿ.

ತಂದದ್ದನ್ನು ಪರೀಕ್ಷಿಸಿ. ಉಕ್ಕಿನ ಅಡಿಕೋಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಬೆಳಕು ಹಿಡಿಯಿರಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ. ಬೆಳಕು ನುಸುಳಿದಲ್ಲಿ ತಗ್ಗಿದೆ. ಅಡಿಕೋಲೇ ಡೊಂಕಾಗಿದ್ದರೆ ಎನ್ನುತ್ತೀರಾ? ಕಾಗದದ ಮೇಲೆ ಎರಡು ಚುಕ್ಕೆ ಇಟ್ಟು ಗೆರೆ ಎಳೆಯಿರಿ. ಕೋಲನ್ನು ಮಗುಚಿ ಹಾಕಿ, ಅದೇ ಅಂಚಿನಿಂದ ಅದೇ ಚುಕ್ಕೆಗಳಿಗೆ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಕೋಲು ನೆಟ್ಟಗಿದೆ.

ಇನ್ನು ಕೆಲಸ. ಗಾಜಿಗೆ ನೀರು ಚಿಮುಕಿಸಿ, ನೀರಿಗೆ ಹಾಳಾಗದ ಎಮೆರಿ ಕಾಗದ ಹಾಸಿದರೆ ಅಂಟಿ ನಿಲ್ಲುತ್ತದೆ. ಉಳಿಯ ಬೆನ್ನು ಪೂರಾ ಹೊಳೆಯಬೇಕಿಲ್ಲ. ಬಾಯಿಯ ಹಿಂದೆ ಒಂದಂಗುಲ ಸಮವಾದರೆ ಸಾಕು. ಮರದ ಉಜ್ಜುಗೊರಡಿಗೆ ನೀರು ಬೇಡ, ಒಣ ಮರಳುಕಾಗದ ಸಾಕು. ಅಲಗನ್ನು ಒಳಗೆಳೆದು, ಬೆಣೆಯನ್ನು ಬಿಗಿದೇ ಇಟ್ಟು ತಿಕ್ಕಿ. ಬೆಣೆ ತೆಗೆದರೆ ಅಡಿಯ ಆಕಾರವೇ ಬದಲಾಗುತ್ತದೆ. ಮೊದಲು ಅಡಿಗೆ ಸೀಸದಕಡ್ಡಿಯಿಂದ ಗೀಟು ಹಾಕಿ. ನಾಲ್ಕು ಸಲ ಎಳೆದ ಮೇಲೂ ಗೀಟು ಉಳಿದ ಕಡೆ ತಗ್ಗಿದೆ ಎಂದು ತಿಳಿಯಿರಿ. ಕಾಡು ಕಡಿಯುವ ಬಾಗುಕತ್ತಿಗೆ ಈ ಉಪಚಾರ ಬೇಡ, ಅದಕ್ಕೆ ಅಂಗಳದ ಕಲ್ಲೇ ಸರಿ. ಕಸಿ ಚಾಕುವಿಗೆ ಮಾತ್ರ ತಪ್ಪಿಸಬೇಡಿ. ಸೀಳು ಒರಟಾದರೆ ಕಾಫಿ ಕಸಿ ಕೂಡುವುದು ಕಷ್ಟ.

ಮುಗಿದ ಮೇಲೆ ಒರೆಸಿ, ಎಣ್ಣೆ ಸವರಿ. ಗಾಜನ್ನು ಗೋಣಿಯಲ್ಲಿ ಸುತ್ತಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ.