ಛಾವಣಿಯ ಬಿಸಿಲು ಮತ್ತು ಮನೆಯ ಖಾತೆ

(ಬಳ್ಳಿಗಾವಿಯಲ್ಲಿ ಜರಗಿದ ನಾಗರಿಕರ ಸಭೆಯೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)



ನಾವಿಂದು ಸೇರಿರುವ ಈ ಊರು ಒಂದು ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಪ್ರಾಂತ್ಯದ ರಾಜಧಾನಿಯಾಗಿತ್ತು. ಇಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠದ ಕುರಿತು 1162ರ ಶಾಸನವು ವಿವರ ನೀಡುತ್ತದೆ. ಅಲ್ಲಿ ವಿದ್ಯೆ ಕಲಿಸಲಾಗುತ್ತಿತ್ತು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ದೀನರು, ಕುರುಡರು, ಕಿವುಡರು ಮತ್ತು ಬೇರೆ ಬೇರೆ ಮತಗಳ ಸನ್ಯಾಸಿಗಳಿಗೆ ಅನ್ನ ದೊರೆಯುತ್ತಿತ್ತು. ಬಂದವನ ಅಗತ್ಯ ಒಂದೇ ಆವರಣದೊಳಗೆ ಪೂರೈಸುತ್ತಿತ್ತು. ಎಂಟುನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಊರಿನ ಒಬ್ಬ ಗೃಹಸ್ಥ ತನ್ನ ಛಾವಣಿಯ ಮೇಲೆ ಸೌರಫಲಕ ಇಡಬೇಕೆಂದರೆ ಎಷ್ಟು ಬಾಗಿಲುಗಳನ್ನು ತಟ್ಟಬೇಕು? ಇಂದಿನ ನಮ್ಮ ಮಾತು ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಯೋಜನೆ ಏನು ಕೊಡುತ್ತದೆ ಎಂಬುದನ್ನು ನೋಡೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಗಳ ವೆಚ್ಚ, 2026-27ರ ಆರ್ಥಿಕ ವರ್ಷದವರೆಗಿನ ಅವಧಿ ಎಂದು ನಿಗದಿಯಾಯಿತು. ಒಂದು ಕಿಲೋವ್ಯಾಟ್ ಘಟಕಕ್ಕೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ಅದು ಸುಮಾರು ನಾಲ್ಕು ಯೂನಿಟ್ ವಿದ್ಯುತ್ ಕೊಡುತ್ತದೆ. ನಮ್ಮ ಮಲೆನಾಡಿನ ಸೆರಗಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಇಷ್ಟು ಸಿಗದು ಎಂಬುದನ್ನೂ ಬಲ್ಲವರು ಮುಚ್ಚಿಡಬಾರದು.

ಇನ್ನೊಂದು ಸತ್ಯವನ್ನೂ ಹೇಳಬೇಕು. 2023ರ ಜುಲೈಯಿಂದ ಜಾರಿಗೆ ಬಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಶೂನ್ಯವಾಗಿರುವ ಮನೆಗಳಿಗೆ ಈ ಆತುರ ಇಲ್ಲ. ಆದರೆ ತಿಂಗಳಿಗೆ ಇನ್ನೂರು ಯೂನಿಟ್ ದಾಟಿದ ಮನೆ ಪೂರ್ತಿ ಬಿಲ್ಲು ಕಟ್ಟಬೇಕು. ಅಣ್ಣ ತಮ್ಮಂದಿರು ಒಂದೇ ಸೂರಿನಡಿ ವಾಸಿಸುವ, ಒಂದೇ ಮೀಟರಿನ ದೊಡ್ಡ ಕುಟುಂಬಗಳು ನಮ್ಮ ಪಟ್ಟಣಗಳಲ್ಲಿ ಹೇರಳ. ಈ ಯೋಜನೆ ಅಂಥವರಿಗೆ ಹೆಚ್ಚು ಪ್ರಯೋಜನಕಾರಿ.

ಇನ್ನು ಅನುಮತಿಯ ವಿಷಯ. ಇಲ್ಲಿ ಕಾನೂನು ನಾವು ಭಾವಿಸಿರುವುದಕ್ಕಿಂತ ಮುಂದೆ ಹೋಗಿದೆ. 2024ರ ಫೆಬ್ರವರಿ 22ರಂದು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿಯಾಯಿತು. ಅದರಂತೆ ಹತ್ತು ಕಿಲೋವ್ಯಾಟ್‌ವರೆಗಿನ ಛಾವಣಿ ಘಟಕಕ್ಕೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಅರ್ಜಿ ತಾನಾಗಿಯೇ ಅಂಗೀಕೃತವಾದಂತೆ. ಮಂಜೂರಾದ ಹೊರೆ ಸಾಲದಿದ್ದರೆ ಅದನ್ನು ಹೆಚ್ಚಿಸುವ ಹೊಣೆ ವಿದ್ಯುತ್ ಸರಬರಾಜು ಕಂಪೆನಿಯದು. ಐದು ಕಿಲೋವ್ಯಾಟ್‌ವರೆಗೆ ಮಾರ್ಗವನ್ನು ಬಲಪಡಿಸುವ ಖರ್ಚೂ ಕಂಪೆನಿಯದೇ. ಘಟಕ ಅಳವಡಿಸಿದ ಮೇಲೆ ಅದನ್ನು ಚಾಲೂ ಮಾಡಿಕೊಡಲು ಹಿಂದೆ ಇದ್ದ ಮೂವತ್ತು ದಿನಗಳ ಗಡುವನ್ನು ಹದಿನೈದಕ್ಕೆ ಇಳಿಸಲಾಯಿತು. ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ನೀಡುವ ಮೆಸ್ಕಾಂ ಕೂಡಾ ಈ ನಿಯಮಗಳಿಗೆ ಒಳಪಟ್ಟಿದೆ.

ಹಾಗಿದ್ದೂ ಜನರು ಅಲೆಯುವುದೇಕೆ? ನಿಯಮದಲ್ಲೇ ಒಂದು ಷರತ್ತಿದೆ. ಅರ್ಜಿ ಎಲ್ಲ ವಿಧದಲ್ಲೂ ಪೂರ್ಣವಾಗಿರಬೇಕು. ವಿದ್ಯುತ್ ಸಂಪರ್ಕ ಬದುಕಿರುವ ಮಾಲಿಕನ ಹೆಸರಿನಲ್ಲಿರಬೇಕು. ಹೆಸರು ಬದಲಾಯಿಸಲು ಖಾತೆ ಬೇಕು. ಖಾತೆ ಕೊಡುವುದು ಸ್ಥಳೀಯ ಸಂಸ್ಥೆ. ಬಳ್ಳಿಗಾವಿಯ ಮನೆಯಾದರೆ ಗ್ರಾಮ ಪಂಚಾಯತಿಯ ಇ-ಸ್ವತ್ತು. ಸಮೀಪದ ಶಿರಾಳಕೊಪ್ಪದ ಮನೆಯಾದರೆ ಪಟ್ಟಣದ ಪೌರಾಡಳಿತದ ಇ-ಆಸ್ತಿ. ಒಂದೇ ಕುಟುಂಬದ ಎರಡು ಮನೆಗಳಿಗೆ ಎರಡು ದಾರಿ, ಎರಡು ಬಗೆಯ ಕಾಗದ. ಹೀಗೆ ದಿಲ್ಲಿಯಲ್ಲಿ ಹದಿನೈದು ದಿನಕ್ಕೆ ಇಳಿದ ಗಡುವು ಊರಿನ ಕಚೇರಿಯ ಮೆಟ್ಟಿಲಲ್ಲಿ ಮತ್ತೆ ತಿಂಗಳುಗಳಾಗಿ ಬೆಳೆಯುತ್ತದೆ.

ಬಳ್ಳಿಗಾವಿಯವರಿಗೆ ಇನ್ನೂ ಒಂದು ಬಾಗಿಲಿದೆ. ಇಲ್ಲಿನ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಎಲ್ಲೆಯಿಂದ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಲು ಹದಿನೈದು ದಿನ, ಅಲ್ಲಿಂದ ಅಭಿಪ್ರಾಯ ಬರಲು ಎರಡು ತಿಂಗಳು, ಆ ನಂತರ ತೀರ್ಮಾನಕ್ಕೆ ಒಂದು ತಿಂಗಳು. ಸ್ಮಾರಕಗಳ ರಕ್ಷಣೆಯ ಬಗ್ಗೆ ನಮ್ಮ ತಕರಾರಿಲ್ಲ. ಅವು ಇಡೀ ನಾಡಿನ ಸೊತ್ತು. ಆದರೆ ಹಳೆಯ ಮನೆಯ ಛಾವಣಿಯ ಮೇಲೆ ಬೋಲ್ಟ್ ಹಾಕಿ ನಿಲ್ಲಿಸುವ, ಬೇಕೆಂದಾಗ ಬಿಚ್ಚಬಹುದಾದ ಚೌಕಟ್ಟು ಕಟ್ಟಡವೇ? ಕಟ್ಟಡದ ಮೇಲೆ ಏರಿಸುವ ಸೇರ್ಪಡೆಯನ್ನು ಕಾಯ್ದೆ ನಿರ್ಮಾಣವೆನ್ನುತ್ತದೆ. ದುರಸ್ತಿಯನ್ನೂ ಸಾರ್ವಜನಿಕ ವಿದ್ಯುತ್ ಪೂರೈಕೆಯ ಕಾಮಗಾರಿಯನ್ನೂ ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಮನೆಯ ಫಲಕ ಈ ಎರಡರ ನಡುವೆ ನಿಂತಿದೆ. ಉತ್ತರ ಅಧಿಕಾರಿಯ ಮನಸ್ಸನ್ನು ಅವಲಂಬಿಸಬಾರದು. ಇಂತಿಷ್ಟು ಎತ್ತರದೊಳಗಿನ ಫಲಕಕ್ಕೆ ಅನುಮತಿ ಬೇಕೇ, ಬೇಡವೇ ಎಂಬುದು ಒಂದು ಪುಟದ ಲಿಖಿತ ಆದೇಶದಲ್ಲಿ ಸ್ಪಷ್ಟವಾಗಬೇಕು. ಇದು ಬಳ್ಳಿಗಾವಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ವಿಜಯಪುರ, ಬೀದರ್, ಶ್ರೀರಂಗಪಟ್ಟಣಗಳ ಸ್ಮಾರಕಗಳ ಸುತ್ತಲೂ ಜನವಸತಿಯಿದೆ.

ಸ್ಥಳೀಯ ಸಂಸ್ಥೆಗಳ ಈ ತೊಡಕು ನಮ್ಮ ದೇಶದ್ದು ಮಾತ್ರವೂ ಅಲ್ಲ. ಅಮೆರಿಕದಲ್ಲಿ ನಗರಕ್ಕೊಂದು, ಕೌಂಟಿಗೊಂದು ನಿಯಮವಿದ್ದು ಸಾವಿರಾರು ಸಂಸ್ಥೆಗಳು ತಮ್ಮದೇ ರೀತಿಯಲ್ಲಿ ಪರವಾನಗಿ ಕೊಡುತ್ತಿದ್ದವು. ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯವು ಸಾಮಾನ್ಯ ಮನೆಗಳ ನಕ್ಷೆಯನ್ನು ಕಂಪ್ಯೂಟರೇ ಪರಿಶೀಲಿಸಿ ಕೂಡಲೇ ಪರವಾನಗಿ ನೀಡುವ ಸೋಲಾರ್ ಆ್ಯಪ್ ಪ್ಲಸ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಅದು 2021ರಲ್ಲಿ ಬಳಕೆಗೆ ಬಂತು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯವು ದೊಡ್ಡ ನಗರಗಳು ಇಂಥ ವ್ಯವಸ್ಥೆಯನ್ನು ಹೊಂದಲೇಬೇಕೆಂದು ಕಾನೂನು ಮಾಡಿತು. ಒಂದೇ ಬಗೆಯ ಸಾವಿರ ಅರ್ಜಿಗಳನ್ನು ಸಾವಿರ ಬಗೆಯಲ್ಲಿ ಪರಿಶೀಲಿಸಬೇಕಾಗಿಲ್ಲ ಎಂಬುದು ಅವರು ಕಂಡುಕೊಂಡ ಪಾಠ.

ನಮ್ಮಲ್ಲೂ ಇದು ಅಸಾಧ್ಯವಲ್ಲ. ಸೂರ್ಯಘರ್ ಯೋಜನೆಯು ಪ್ರತಿ ಮನೆಯ ಅಳವಡಿಕೆಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಅಂದರೆ ಪಂಚಾಯತಿಗೂ ಇದರಲ್ಲಿ ಲಾಭವಿದೆ. ಪಂಚಾಯತಿ ಮತ್ತು ಪಟ್ಟಣಗಳಿಗೆ ಒಂದೇ ದಾಖಲೆಪಟ್ಟಿ ಇರಲಿ. ಇ-ಸ್ವತ್ತು, ಇ-ಆಸ್ತಿಗಳಲ್ಲಿರುವ ವಿವರವನ್ನು ಮೆಸ್ಕಾಂ ನೇರವಾಗಿ ನೋಡುವಂತಾಗಲಿ. ಸರಕಾರದ ಬಳಿ ಇರುವ ಕಾಗದವನ್ನು ಸರಕಾರಕ್ಕೇ ತಂದುಕೊಡುವ ಕೆಲಸ ನಾಗರಿಕನದಾಗಬಾರದು. ಅಲ್ಲಿಯವರೆಗೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯನ್ನು ಬಳಸಿ. ಅರ್ಜಿ ಕೊಟ್ಟ ದಿನವೇ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಿ. ದಲ್ಲಾಳಿಗೆ ಹಣ ಕೊಡುವವನು ತನ್ನ ಹಿಂದೆ ನಿಂತಿರುವ ಬಡವನ ಸರದಿಯನ್ನೂ ಮಾರಿಬಿಡುತ್ತಾನೆ.

ಇಷ್ಟು ಹೇಳಿ ಮುಗಿಸಿದರೆ ನಾವು ಅರ್ಧ ಮಾತ್ರ ಹೇಳಿದಂತಾಗುತ್ತದೆ. ಉಳಿದರ್ಧ ನಮ್ಮ ಮನೆಯೊಳಗಿದೆ.

ನಮ್ಮದೇ ಅನುಭವ ಕೇಳಿ. ನಮ್ಮ ಮನೆಗೆ ಫಲಕ ಹಾಕಿಸಲು ಹೊರಟಾಗ ಬಿಲ್ಲಿನಲ್ಲಿದ್ದದ್ದು ತೀರಿಕೊಂಡು ಇಪ್ಪತ್ತಾರು ವರ್ಷಗಳಾದ ಅಜ್ಜನ ಹೆಸರು. ಖಾತೆಯೂ ಅವರದ್ದೇ. ಕಚೇರಿಯವರು ವಂಶವೃಕ್ಷ ಮತ್ತು ಎಲ್ಲ ವಾರೀಸುದಾರರ ಒಪ್ಪಿಗೆ ಕೇಳಿದರು. ನಾವು ಕಚೇರಿಯನ್ನು ಬೈದುಕೊಂಡು ಮನೆಗೆ ಬಂದೆವು. ವಂಶವೃಕ್ಷ ಬರೆಯಲು ಕುಳಿತಾಗ ಲೇಖನಿ ನಿಂತಿತು. ಅಜ್ಜನ ಇಬ್ಬರು ಹೆಣ್ಣುಮಕ್ಕಳು, ನಮ್ಮ ಸೋದರತ್ತೆಯರು, ಈ ಮನೆಯಲ್ಲಿ ತಮಗಿರುವ ಪಾಲಿನ ಮಾತನ್ನು ಎಂದೂ ಎತ್ತಿರಲಿಲ್ಲ. ನಾವೂ ಎತ್ತಿರಲಿಲ್ಲ. ಸಹಿಗಾಗಿ ಹೋದಾಗ ಹಿರಿಯತ್ತೆ ನಗುತ್ತಲೇ ಕೇಳಿದರು: "ಬಿಸಿಲಿನ ಕರೆಂಟು ಬೇಕಾದಾಗ ನಮ್ಮ ನೆನಪಾಯಿತೇನಪ್ಪಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ವಾರೀಸು ಪಾಲುಗಳನ್ನು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ನಿಗದಿಪಡಿಸಿದೆ. ಅದನ್ನು ಮದ್ರಸದಲ್ಲಿ ಓದಿದವರು ನಾವು. ಅದರ ಲೆಕ್ಕ ಬಿಡಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ನಾವು. ಅದೇ ಲೆಕ್ಕ ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಕಿ ಉಳಿದಿತ್ತು. ಸಹಿ ಕೇಳಲು ಹೋದವರು ಸಹಿ ತರದೆ ಮರಳಿದೆವು. ಮನೆಗೆ ಬೆಲೆ ಕಟ್ಟಿಸಿ, ಅತ್ತೆಯರ ಪಾಲಿನ ಹಣವನ್ನು ಹೊಂದಿಸಿ ಕೊಟ್ಟ ಮೇಲೆಯೇ ಆ ಕಾಗದವನ್ನು ಅವರ ಮುಂದಿಟ್ಟೆವು. ಸೌರಫಲಕಕ್ಕಾಗಿ ಕೂಡಿಟ್ಟ ಹಣ ಅದಕ್ಕೇ ಸಂದಿತು. ಸಹಾಯಧನ ಬರುವುದು ಘಟಕ ಚಾಲೂ ಆದ ನಂತರ. ಬಡ್ಡಿಯ ಸಾಲ ಬೇಡವೆಂದು ನಿರ್ಧರಿಸಿದ್ದರಿಂದ ಮತ್ತೆ ಕೂಡಿಡಲು ಒಂದೂವರೆ ವರ್ಷ ಹಿಡಿಯಿತು. ಅದು ನಮಗೆ ನಷ್ಟವೆನಿಸಲಿಲ್ಲ.

ಆದ್ದರಿಂದ ಈ ಸಭೆಯಿಂದ ಎರಡು ಕೆಲಸಗಳನ್ನು ಹೊತ್ತುಕೊಂಡು ಹೋಗೋಣ. ಒಂದೇ ದಾಖಲೆಪಟ್ಟಿ ಮತ್ತು ಸ್ಮಾರಕ ಪ್ರದೇಶದ ಬಗ್ಗೆ ಸ್ಪಷ್ಟ ಆದೇಶ ಬೇಕೆಂದು ಊರಿನ ಎಲ್ಲ ಸಮುದಾಯದವರೂ ಸೇರಿ ಮನವಿ ಬರೆಯೋಣ. ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ದಾಖಲಿಸೋಣ. ಇಂದು ರಾತ್ರಿ ಮನೆಗೆ ಹೋದವರು ವಿದ್ಯುತ್ ಬಿಲ್ಲನ್ನು ತೆಗೆದು ಅದರಲ್ಲಿ ಯಾರ ಹೆಸರಿದೆ ಎಂದು ಓದಿ. ಅದು ತೀರಿಕೊಂಡವರ ಹೆಸರಾಗಿದ್ದರೆ ನಾಳೆ ಪಂಚಾಯತಿಗೆ ಹೋಗುವ ಮೊದಲು ಅಕ್ಕ ತಂಗಿಯರ ಮನೆಗೆ ಹೋಗಿ ಬನ್ನಿ.