ಹೊಳೆಮೀನು ಹಿಡಿದ ದಾರಿ



ಕನ್ನಡ ನಾಡಿನ ಗಡಿ ಹೇಳಲು ಹಳೆಗನ್ನಡದ ಕವಿ ಶ್ರೀವಿಜಯನಿಗೆ ಕಾವೇರಿ, ಗೋದಾವರಿ ಎರಡು ಹೆಸರು ಸಾಕಾದವು. ಜೀವಿಗಳ ಗಡಿ ಅಷ್ಟು ಸಲೀಸಲ್ಲ. ಬಾಲಿ, ಲೊಂಬಾಕ್ ದ್ವೀಪಗಳ ನಡುವೆ ಇರುವುದು ಸುಮಾರು 35 ಕಿಲೋಮೀಟರ್ ಕಡಲು. ಆಚೆ ದಡದ ಹಕ್ಕಿಗಳೇ ಬೇರೆ ಎಂದು ಪ್ರಕೃತಿವಿಜ್ಞಾನಿ ವಾಲೇಸ್ ಕಂಡುಕೊಂಡ. ಆ ಕಥೆ ನಿಮಗೆ ಗೊತ್ತು, ಬಿಡಿ. ನನ್ನ ತಲೆ ತಿನ್ನುವುದು ಇದರ ತಿರುವುಮುರುವು. ಪೂರ್ವ ಹಿಮಾಲಯಕ್ಕೂ ನಮ್ಮ ಸಹ್ಯಾದ್ರಿಗೂ ನಡುವೆ ಅಷ್ಟು ದೊಡ್ಡ ಒಣನೆಲ. ಆದರೂ ಎರಡೂ ಕಡೆ ಒಂದೇ ಬಳಗದ ಮೀನು!

ಆಗುಂಬೆಯ ಕೆಳಗೊಂದು ಹಳ್ಳಕ್ಕೆ ನಮ್ಮ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಇಳಿದಿದ್ದರು. ನೀರು ಧುಮುಕುವಲ್ಲಿ ಬಂಡೆಗೆ ಬೆರಳುದ್ದದ ಮೀನೊಂದು ಅಂಟಿಕೊಂಡಿತ್ತು. ಹೊಟ್ಟೆ ಚಪ್ಪಟೆ, ರೆಕ್ಕೆಗಳು ಬೀಸಣಿಗೆಯಂತೆ ಪಕ್ಕಕ್ಕೆ ಹರಡಿದ್ದವು. "ಎಬ್ಬಿಸಿ ನೋಡೋಣ" ಅಂದರು. ನನ್ನ ಬೆರಳು ಜಾರಿತು, ಅದು ಜಾರಲಿಲ್ಲ. "ಇಂಥದ್ದು ಬಯಲಿನ ಕೆಸರು ನೀರು ದಾಟಿ ಬರುತ್ತೇನ್ರಯ್ಯ?"

ಇದೇ ಪ್ರಶ್ನೆಯನ್ನು ಮೀನುತಜ್ಞ ಸುಂದರ್ ಲಾಲ್ ಹೋರಾ ಬದುಕಿಡೀ ಬೆನ್ನಟ್ಟಿದರು. 1941ರಲ್ಲಿ ಅವರು ಹೀಗೆ ಬಂಡೆಗೆ ಅಂಟುವ ಬಾಲಿಟೋರ ಬಳಗದ ಮೀನೊಂದಕ್ಕೆ ಮೈಸೂರಿನ ಹೆಸರನ್ನೇ ಇಟ್ಟರು. ಅದರ ದಾಯಾದಿ ಈಶಾನ್ಯದ ಹೊಳೆಗಳಲ್ಲಿದೆ. ಹೋರಾ ಪ್ರಕಾರ ಹಿಮಯುಗದಲ್ಲಿ ವಿಂಧ್ಯ, ಸಾತ್ಪುರದ ಸಾಲು ತಂಪಾಗಿ, ಒದ್ದೆಯಾಗಿ ಇತ್ತು. ಒಂದು ಹಳ್ಳ ಪಕ್ಕದ ಕಣಿವೆಯ ಹಳ್ಳವನ್ನು ಸೆಳೆದುಕೊಂಡಾಗ ಮೀನೂ ಕಣಿವೆ ಬದಲಿಸಿತು. ಹೀಗೆ ಪಡುವಣಕ್ಕೆ ಸರಿದು ಸಹ್ಯಾದ್ರಿ ಸೇರಿತು ಎಂಬುದು ಅವರ ವಾದ. ಹಕ್ಕಿಗಳ ಲೆಕ್ಕದಲ್ಲಿ ಸಲೀಂ ಅಲಿಯವರೂ ಒಪ್ಪಿದರು.

ಮೇಷ್ಟ್ರಿಗೆ ಇದು ವೇದವಾಕ್ಯ. ಬೋರ್ಡಿನ ಮೇಲೆ ಸಾತ್ಪುರ ಬರೆಯುವಾಗ ಸೀಮೆಸುಣ್ಣ ಮುರಿಯದ ದಿನವಿಲ್ಲ. ಸಾಕ್ಷಿಗೆ ಅವರು ತಪ್ಪದೆ ಕರೆಯುತ್ತಿದ್ದುದು ನೀಲಗಿರಿಯ ತಾಹ್ರ್ ಎಂಬ ಕಾಡುಮೇಕೆಯನ್ನು: ಹಿಮಾಲಯದ ತಾಹ್ರ್‌ಗೆ ಒಡಹುಟ್ಟು, ನೋಡಿದರೇ ಗೊತ್ತಾಗುತ್ತದೆ ಎನ್ನುತ್ತಿದ್ದರು. 2005ರಲ್ಲಿ ಡಿಎನ್‌ಎ ಬೇರೆಯೇ ಹೇಳಿತು. ಹಿಮಾಲಯದ್ದು ಆಡಿನ ಕಡೆಯದು, ನೀಲಗಿರಿಯದು ಕುರಿಯ ಹತ್ತಿರದ್ದು. ನೋಡಿದರೆ ಗೊತ್ತಾಗುವುದಿಲ್ಲ! ಮೇಷ್ಟ್ರು ಆಗ ಇರಲಿಲ್ಲ. ಇದ್ದಿದ್ದರೆ ನಾನು ಹೋಗಿ ಹೇಳುತ್ತಿದ್ದೆನೋ, ಅನುಮಾನ.

ಒಂದು ಸಾಕ್ಷಿ ಬಿದ್ದರೆ ಮೊಕದ್ದಮೆಯೇ ಬಿತ್ತು ಎನ್ನುವ ಅವಸರ ನನಗಿಲ್ಲ. ಆದರೆ ಇನ್ನೊಂದು ವಾದವಿದೆ: ಯಾರೂ ಎಲ್ಲಿಂದಲೂ ನಡೆದು ಬರಲಿಲ್ಲ. ಮಳೆಕಾಡು ಒಂದು ಕಾಲಕ್ಕೆ ದೇಶದುದ್ದಕ್ಕೂ ಹರಡಿತ್ತು. ನಡುವಿನದು ಒಣಗಿತು, ಅಂಚುಗಳು ಉಳಿದವು. ಹಾಗಾದರೆ ಬೇಕಿರುವುದು ದಾರಿಯಲ್ಲ, ಬರಗಾಲ. ಹಕ್ಕಿ, ಗಿಡಗಳ ವಿಷಯದಲ್ಲಿ ಇದು ನನಗೆ ಸಲೀಸಾಗಿ ಇಳಿಯುತ್ತದೆ. ಮೀನಿನ ಹತ್ತಿರ ಬಂದಾಗ ತಡವರಿಸುತ್ತೇನೆ. ಕಾಡು ಎಷ್ಟೇ ಹಬ್ಬಿದ್ದರೂ ಧುಮುಕುವ ನೀರಿಗೆ ಇಳಿಜಾರು ಬೇಕಲ್ಲ? ಆ ಇಳಿಜಾರನ್ನು ಸಾತ್ಪುರ ಅಲ್ಲದೆ ಇನ್ಯಾರು ಕೊಟ್ಟರು? ಅಥವಾ ಈ ಪ್ರಶ್ನೆಯನ್ನು ಕೇಳುತ್ತಿರುವುದು ನಾನೋ, ಹಳ್ಳದಲ್ಲಿ ಪಂಚೆ ಎತ್ತಿ ನಿಂತ ಆ ಮನುಷ್ಯನೋ?